“ಪಾಪ, ಆ ಟುಟುವೋಲಾನಿಗೆ ಇಂಗ್ಲಿಷ್ ಬರ್ತಿರ್ಲಿಲ್ಲ ಅಲ್ವಾ?”

ಬರ್ತಿತ್ತು. ಉತ್ತರ ಇಷ್ಟೇ. ಮುಂದೆ ಓದಲೇಬೇಕು ಅಂತೇನಿಲ್ಲ.

ನೈಜೀರಿಯಾದ ಅಮೋಸ್ ಟುಟುವೋಲಾ ಬರೆದ ‘ದ ಪಾಮ್-ವೈನ್ ಡ್ರಿಂಕರ್ಡ್’ ನನಗೆ ತುಂಬ ಇಷ್ಟ. 1952ರ ಇಂಗ್ಲಿಷ್ ಕಾದಂಬರಿ. ಬೆಳಿಗ್ಗೆ 150 ಗಡಿಗೆ, ಸಂಜೆ 75 ಗಡಿಗೆ ಹೆಂಡ ಕುಡಿಯುವ ಒಬ್ಬ ಮಹಾಶಯ. ಹೆಂಡ ಇಳಿಸುವವನು ಮರದಿಂದ ಬಿದ್ದು ಸಾಯುತ್ತಾನೆ. ಅವನ ಹಾಗೆ ಇಳಿಸುವವರು ಬೇರೆ ಸಿಗುವುದಿಲ್ಲ. ಸರಿ, ಸತ್ತವರ ಊರಿಗೇ ಹೋಗಿ ಕರೆತರುತ್ತೇನೆ ಅಂತ ಇವನು ಹೊರಡುತ್ತಾನೆ. ದಾರಿಯಲ್ಲಿ ಒಬ್ಬ ಸುಂದರಾಂಗ. ಕೈಕಾಲು ಎಲ್ಲಾ ಬಾಡಿಗೆಯವು! ಒಂದೊಂದೇ ವಾಪಸ್ ಕೊಡುತ್ತಾ ಮನೆ ಸೇರುವಾಗ ಬರೀ ತಲೆಬುರುಡೆ.

ಇಷ್ಟು ಹೇಳಿದ ಮೇಲೂ ಜನ ಕೇಳುವುದು ಆ ಇಂಗ್ಲಿಷಿನ ವ್ಯಾಕರಣ.

ನೆಂಟರೊಬ್ಬರು, ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಓದಲು ಒಯ್ದಿದ್ದರು. ವಾಪಸ್ ಬಂದಾಗ ಹೆಸರಿನಲ್ಲೇ ‘ಡ್ರಿಂಕರ್ಡ್’ ಹೋಗಿ ‘ಡ್ರಂಕರ್ಡ್’ ಆಗಿತ್ತು, ಕೆಂಪು ಇಂಕಿನಲ್ಲಿ. ಮೊದಲ ವಾಕ್ಯದ ‘ವಾಸ್’ ಹೊಡೆದು ‘ಹ್ಯಾಡ್ ಬೀನ್’. 17ನೇ ಪುಟದಿಂದಾಚೆಗೆ ತಿದ್ದಿಲ್ಲ. (ಸುಸ್ತಾಯಿತು ಅಂದರು. ಕಥೆ ಹಿಡಿದಿರಬೇಕು ಅಂತ ನನ್ನ ಗುಮಾನಿ.) ಪುಸ್ತಕ ಕೈಗಿಡುತ್ತಾ ಕೇಳಿದ್ದೇ ಮೇಲಿನ ಪ್ರಶ್ನೆ. ಆ ‘ಪಾಪ’ ಇದೆಯಲ್ಲ, ಅದಕ್ಕೇ ನನಗೆ ಮೈ ಉರಿಯುವುದು.

ಟುಟುವೋಲಾ ಶಾಲೆಗೆ ಹೋಗಿದ್ದು ಕೆಲವೇ ವರ್ಷ, ನಿಜ. ಕಮ್ಮಾರಿಕೆ ಕಲಿತವರು. ಲಾಗೋಸ್‌ನ ಸರ್ಕಾರಿ ಕಚೇರಿಯಲ್ಲಿ ಜವಾನರಾಗಿದ್ದರು. ಲಂಡನ್‌ನಲ್ಲಿ ಕವಿ ಡಿಲನ್ ಥಾಮಸ್ ಪುಸ್ತಕವನ್ನು ಹೊಗಳಿದರೆ, ನೈಜೀರಿಯಾದ ಓದಿದವರು ಎಷ್ಟೋ ಜನ ಮಾನ ಹೋಯಿತು ಅಂದುಕೊಂಡರು. ಆದರೆ ತಮ್ಮ ಮಾತೃಭಾಷೆ ಯೊರುಬಾದಲ್ಲಿ ಕೇಳಿ ಬೆಳೆದ ಕಥೆಗಳ ಓಟವನ್ನೇ ಟುಟುವೋಲಾ ಇಂಗ್ಲಿಷಿಗೆ ತಂದಿದ್ದರು. ಅದನ್ನು ತಿದ್ದಿದರೆ ಕಥೆ ಓಡುವುದಿಲ್ಲ, ಕುಂಟುತ್ತದೆ.

ನಮ್ಮ ಎಂಡ್ಕುಡ್ಕ ರತ್ನನ ಪದಗಳಿಗೆ ಯಾರಾದರೂ ಕೆಂಪು ಇಂಕು ಹಚ್ಚಿದ್ದೀರಾ? ‘ಹೆಂಡ’ದ ಹಕಾರ ಎಲ್ಲಿ ಅಂತ ಕೇಳಿದ್ದೀರಾ? ಇಲ್ಲ. ಬರೆದ ಜಿ.ಪಿ. ರಾಜರತ್ನಂ ಕನ್ನಡ ಮೇಷ್ಟ್ರು ನೋಡಿ. ಮೇಷ್ಟ್ರು ಬರೆದರೆ ಪ್ರಯೋಗ, ಜವಾನ ಬರೆದರೆ ತಪ್ಪು.

ಬೇರೆ ಏನಾದರೂ ಕೇಳಿ ಮಾರಾಯ್ರೇ. ಕಥೆಯಲ್ಲಿ ಮಾರಿದ ಸಾವು ಏನಾಯಿತು ಅಂತ ಕೇಳಿ.

ಕುಡುಕ ಮತ್ತು ಅವನ ಹೆಂಡತಿ ಒಂದು ಬಿಳಿ ಮರದೊಳಗೆ ಹೋಗಬೇಕು. ಬಾಗಿಲಲ್ಲೇ ತಮ್ಮ ಸಾವನ್ನು 70 ಪೌಂಡ್, 18 ಶಿಲ್ಲಿಂಗ್, 6 ಪೆನ್ಸ್‌ಗೆ ಮಾರಿಬಿಡುತ್ತಾರೆ. ಭಯವನ್ನು ಮಾತ್ರ ಮಾರುವುದಿಲ್ಲ. ತಿಂಗಳಿಗೆ ಮೂರೂವರೆ ಪೌಂಡ್ ಬಡ್ಡಿಗೆ ಸಾಲ ಕೊಡುತ್ತಾರೆ. ಹೊರಗೆ ಬಂದಾಗ ಭಯ ವಾಪಸ್ ಬರುತ್ತದೆ, ಕೊನೇ ಬಡ್ಡಿ ಸಮೇತ. ಸಾವನ್ನೂ ಕೊಡು ಅಂದರೆ ಕೊಂಡವನು ಒಪ್ಪುವುದಿಲ್ಲ. ದುಡ್ಡು ಕೊಟ್ಟು ಕೊಂಡಿದ್ದೀನಲ್ಲ ಅನ್ನುತ್ತಾನೆ. ಅವನದ್ದೂ ನ್ಯಾಯವೇ.

ಅಂದರೆ ಅಲ್ಲಿಂದ ಮುಂದೆ ಇವರಿಗೆ ಸಾವಿಲ್ಲ, ಭಯ ಇದೆ. ಸಾವೇ ಇಲ್ಲದ ಮೇಲೆ ಹೆದರುವುದು ಯಾತಕ್ಕೆ? ಇದನ್ನು ಯಾರೂ ಕೇಳಿಲ್ಲ.

ಮೊನ್ನೆ ಆ ಪುಟ ತೆಗೆದೆ. ಅಂಚಿನಲ್ಲಿ ಸಣ್ಣ ಗೆರೆ ಎಳೆದಿತ್ತು. ನನ್ನದಲ್ಲ. ಕೆಂಪು ಇಂಕಿನದೂ ಅಲ್ಲ, ಪೆನ್ಸಿಲ್‌ನದು.