ಎರಡನೇ ಕಟ್ಟಿನ ಬೇರು

ಶಿರಸಿಯ ಒಂದು ಲ್ಯಾಬಿನಲ್ಲಿ ನನ್ನದು ಪ್ರಾಜೆಕ್ಟ್ ಅಸಿಸ್ಟೆಂಟ್ ಕೆಲಸ. ಸಕ್ಕರೆ ಕಾಯಿಲೆಗೆ ನಮ್ಮ ಕಡೆ ಬಳಸುವ ಗಿಡಗಳನ್ನು ತಂದು, ಕಷಾಯ ತೆಗೆದು, ಅದರಲ್ಲಿ ನಿಜಕ್ಕೂ ಏನಾದರೂ ಇದೆಯಾ ಅಂತ ನೋಡುವುದು. ಮದುವೆ ಮನೆಗೆ ಹೋದರೆ ಪಂಕ್ತಿಯಲ್ಲೇ ಯಾರಾದರೂ ಕೇಳುತ್ತಾರೆ: "ಶುಗರ್‌ಗೆ ಯಾವ ಬೇರು ಒಳ್ಳೇದು?" ಬಾಳೆಲೆಯಲ್ಲಿ ಎರಡು ಜಿಲೇಬಿ ಇಟ್ಟುಕೊಂಡೇ ಕೇಳುತ್ತಾರೆ.

ಹೋದ ವರ್ಷ ನನ್ನ ಪಾಲಿಗೆ ಬಂದದ್ದು ಏಕನಾಯಕ. ಕಾರವಾರದ ಕಡೆ ಕೊಂಕಣಿಯವರು ಸಪ್ತರಂಗಿ ಅನ್ನುತ್ತಾರೆ. ಅನ್ನ, ಸಕ್ಕರೆ ಕರುಳಿನಲ್ಲಿ ಗ್ಲೂಕೋಸ್ ಆಗಿ ಒಡೆಯಬೇಕಾದರೆ ಕೆಲವು ಕಿಣ್ವಗಳು ಬೇಕು. ಈ ಬಳ್ಳಿಯ ಬೇರಿನ ಸಲಾಸಿನಾಲ್ ಎಂಬ ವಸ್ತು ಆ ಕಿಣ್ವಗಳಿಗೆ ಅಡ್ಡ ಬರುತ್ತದೆ, ಹಾಗಾಗಿ ಊಟದ ನಂತರ ರಕ್ತದಲ್ಲಿ ಸಕ್ಕರೆ ಒಮ್ಮೆಲೇ ಏರುವುದಿಲ್ಲ. 1997ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಬೇರ್ಪಡಿಸಿದ್ದು ಏಕನಾಯಕದ್ದೇ ಕುಲವಾದ ಸಲೇಶಿಯಾದ ಇನ್ನೊಂದು ಬಳ್ಳಿಯಿಂದ. ಶ್ರೀಲಂಕಾದಲ್ಲಿ ಆ ಬಳ್ಳಿಯ ಕಟ್ಟಿಗೆಯನ್ನೇ ಲೋಟ ಮಾಡಿ, ರಾತ್ರಿ ನೀರು ಹಾಕಿಟ್ಟು ಕುಡಿಯುತ್ತಾರೆ. ನಮ್ಮಲ್ಲಿ ಹೊನ್ನೆ ಮರದ ಲೋಟ ಇದೆಯಲ್ಲ, ಹಾಗೆ.

ಬೇರು ಹುಡುಕಿಕೊಂಡು ಕಾಡು ಅಲೆಯುವಷ್ಟು ವ್ಯವಧಾನ ನನಗಿರಲಿಲ್ಲ. ಘಟ್ಟದ ಕೆಳಗಿನ ಒಂದು ಅಂಗಡಿಯಿಂದ ಒಣಗಿದ ಬೇರಿನ ಕಟ್ಟು ತಂದೆ. ಪುಡಿ ಮಾಡಿ, ನೀರಲ್ಲಿ ಕುದಿಸಿ, ಸೋಸಿ ಪರೀಕ್ಷೆಗಿಟ್ಟೆ. ಅಂಗೈ ಅಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ 96 ಸಣ್ಣ ಗುಳಿ. ಕಿಣ್ವ ಕೆಲಸ ಮಾಡಿದರೆ ಗುಳಿಯ ನೀರು ಹಳದಿಯಾಗುತ್ತದೆ, ಅಡ್ಡಿಯಾದರೆ ಬಣ್ಣ ಬರುವುದಿಲ್ಲ. ಕಷಾಯ ಹಾಕದ ಸಾಲು ಅರಿಶಿನದ ನೀರಿನ ಹಾಗೆ. ನನ್ನ ಬೇರಿನ ಸಾಲು ಹೆಚ್ಚುಕಡಿಮೆ ಬರೀ ನೀರು. ಖುಷಿಯಲ್ಲಿ ಫೋಟೊ ತೆಗೆದು ಮನೆಯವರಿಗೂ ಕಳಿಸಿದೆ. ಅಮ್ಮ "ಚಂದ ಇದೆ" ಎಂದಳು, ಏನು ಚಂದ ಅಂತ ಅವಳಿಗೆ ಗೊತ್ತಿರಲಿಲ್ಲ ಪಾಪ.

ಕಟ್ಟು ಖಾಲಿಯಾಯಿತು. ಅದೇ ಅಂಗಡಿಯಿಂದ ಇನ್ನೊಂದು ತಂದೆ. ಈ ಸಲ ಎಲ್ಲಾ ಸಾಲೂ ಹಳದಿ.

ಒಂದು ವಾರ ಕಿಣ್ವವನ್ನು ಬೈದೆ, ಪಿಪೆಟ್ಟನ್ನು ಬೈದೆ, ಕರೆಂಟು ಹೋಗಿ ಫ್ರಿಜ್ ಬಿಸಿಯಾಗಿರಬೇಕು ಅಂದುಕೊಂಡೆ. ಬಫರ್ ಹೊಸದಾಗಿ ಮಾಡಿದೆ. ಏನೂ ಬದಲಾಗಲಿಲ್ಲ. ಕೊನೆಗೆ ನಮ್ಮ ಸರ್ ಬಂದು ತಟ್ಟೆ ನೋಡಲೇ ಇಲ್ಲ. "ಗಿಡ ನೋಡಿದ್ದೀಯಾ?" ಅಂದರು. ನೋಡಿರಲಿಲ್ಲ. "ಒಂದು ಎಲೆಯಾದರೂ ಇಟ್ಟಿದ್ದೀಯಾ?" ಅದೂ ಇಲ್ಲ. ಎರಡು ತಿಂಗಳು ನಾನು ಪರೀಕ್ಷೆ ಮಾಡಿದ್ದು ಅಂಗಡಿಯವನ ಬಾಯಿಮಾತನ್ನು.

ಉಳಿದಿದ್ದ ಎರಡನೇ ಕಟ್ಟಿನ ತುಂಡುಗಳನ್ನು ಅಂಕೋಲಾ ಹತ್ತಿರದ ಹಾಲಕ್ಕಿ ಸಮುದಾಯದ ಅಜ್ಜಿಯೊಬ್ಬರ ಮುಂದೆ ಇಟ್ಟೆ. ಅವರು ಒಂದನ್ನು ಮುರಿದರು, ಮೂಸಿದರು, ಉಗುರಿನಿಂದ ಕೆರೆದರು. "ಇದು ಬೇರೆ ಎಂತದೋ" ಎಂದು ಪಕ್ಕಕ್ಕಿಟ್ಟರು. ಆಮೇಲೆ ನನ್ನನ್ನು ಮನೆ ಹಿಂದಿನ ಬೇಲಿಗೆ ಕರೆದುಕೊಂಡು ಹೋದರು. ಅಲ್ಲಿ ಬಳ್ಳಿ ಹೂ ಬಿಟ್ಟಿತ್ತು. ಹಸಿರು-ಹಳದಿ, ಕಡಲೆ ಕಾಳಿಗಿಂತ ದೊಡ್ಡದೇನಲ್ಲ. ಲೆನ್ಸ್ ಇಟ್ಟು ಎಣಿಸಿದೆ: ಎಸಳು ಐದು, ಕೇಸರ ಮೂರೇ. ಐದು ಎಸಳಿದ್ದರೆ ಕೇಸರವೂ ಐದೋ ಹತ್ತೋ ಇರುತ್ತದೆ ಅನ್ನುವುದು ಕಾಲೇಜಿನಿಂದ ಬಂದ ಅಭ್ಯಾಸ, ಅದಕ್ಕೇ ಎರಡೆರಡು ಸಲ ಎಣಿಸಿದೆ. ಸಲೇಶಿಯಾ ಗುರುತಿಸುವುದೇ ಈ ಮೂರರಿಂದ. ಎಲೆಗಳು ಜೋಡಿಜೋಡಿ. ಸಪ್ತರಂಗಿ ಅಂತ ಇನ್ನೊಂದು ಗಿಡವನ್ನೂ ಮಾರುತ್ತಾರೆ, ಕೆಸೇರಿಯಾ ಅಂತ. ಅದರ ಎಲೆ ಒಂದು ಬಿಟ್ಟು ಒಂದು. ಗಿಡದ ಮುಂದೆ ನಿಂತರೆ ಮಗುವೂ ಬೇರೆ ಮಾಡೀತು. ಒಣಬೇರಿನಲ್ಲಿ ಹೇಗೆ ಮಾಡುವುದು?

ಅಜ್ಜಿ ಬದಿಯ ಬೇರು ಮಾತ್ರ ಕೊಯ್ದು ಮಣ್ಣು ಮುಚ್ಚಿದರು. ತೊಗಟೆ ಕೆರೆದರೆ ಒಳಗೆ ಕಿತ್ತಳೆ-ಕೆಂಪು. "ತಾಯಿಬೇರು ಮುಟ್ಟಿದ್ರೆ ಮುಂದಿನ ವರ್ಷ ಎಲ್ಲಿಗೆ ಬತ್ತೆ?" ಎಂದರು. ಕಟ್ಟುಗಟ್ಟಲೆ ಮಾರುವವರು ಬುಡವನ್ನೇ ಕಿತ್ತಿರುತ್ತಾರೆ, ಅಲ್ವಾ.

ಎರಡನೇ ಕಟ್ಟು ಕೆಟ್ಟದ್ದು, ಮೊದಲನೆಯದೇ ಅಸಲಿ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಸರ್ ಅದನ್ನೂ ಉಳಿಸಲಿಲ್ಲ. ಚೊಗರು ಜಾಸ್ತಿ ಇರುವ ಯಾವ ತೊಗಟೆ ಕುದಿಸಿ ಹಾಕಿದರೂ ಕಿಣ್ವ ಸೋಲುತ್ತದೆ, ಅಳಲೆಕಾಯಿ ಹಾಕಿ ನೋಡು ಎಂದರು. ಹಾಕಿದೆ. ಬರೀ ನೀರು! ಅಂದರೆ ಆ ಮೊದಲ ತಟ್ಟೆಯಿಂದ ಏಕನಾಯಕದ ಬಗ್ಗೆ ನನಗೆ ಏನೂ ಗೊತ್ತಾಗಿರಲಿಲ್ಲ. ಫಲಿತಾಂಶ ಕೆಟ್ಟಾಗ ವಾರವಿಡೀ ತಲೆ ಕೆಡಿಸಿಕೊಂಡವಳು, ಚೆನ್ನಾಗಿ ಬಂದಾಗ ಒಂದು ನಿಮಿಷವೂ ಅನುಮಾನಪಟ್ಟಿರಲಿಲ್ಲ. ಇನ್ನೊಂದು ಎಡವಟ್ಟೂ ಆಗ ಬೆಳಕಿಗೆ ಬಂತು. ಹೋಲಿಕೆಗೆ ಅಕಾರ್ಬೋಸ್ ಇಟ್ಟಿದ್ದೆ, ಕರುಳಿನ ಇದೇ ಕಿಣ್ವಗಳಿಗೆ ಅಡ್ಡ ಬರುವ ಶುಗರ್ ಮಾತ್ರೆಯ ಔಷಧ, ಕಿಣ್ವ ಮಾತ್ರ ಅಗ್ಗಕ್ಕೆ ಸಿಗುವ ಯೀಸ್ಟಿನದು. ಯೀಸ್ಟಿನ ಕಿಣ್ವದ ಮೇಲೆ ಅಕಾರ್ಬೋಸ್ ಅಷ್ಟಾಗಿ ನಡೆಯುವುದಿಲ್ಲ. ಅದರ ಎದುರು ಯಾವ ಸೊಪ್ಪೂ ಹೀರೋನೇ. ಈಗ ಇಲಿಯ ಕರುಳಿನ ಕಿಣ್ವ ಬಳಸುತ್ತೇವೆ, ಖರ್ಚು ಜಾಸ್ತಿ.

ಪಂಕ್ತಿಯಲ್ಲಿ ಕೇಳುವವರಿಗೆ ಈಗ ನನ್ನದೊಂದೇ ಮರುಪ್ರಶ್ನೆ: ಮಾತ್ರೆ ಯಾವುದು ತಗೊಳ್ತಿದ್ದೀರಿ? ಸಕ್ಕರೆ ಇಳಿಸುವ ಗ್ಲಿಮಿಪಿರೈಡ್ ಮಾತ್ರೆ ನುಂಗುತ್ತಾ ಮೇಲಿಂದ ಗುರುತಿಲ್ಲದ ಬೇರಿನ ಪುಡಿ ಸೇರಿಸಿದರೆ ಸಕ್ಕರೆ ಬೇಡದಷ್ಟು ಇಳಿಯಬಹುದು. ಮಾತ್ರೆ ಬಿಟ್ಟು ಬರೀ ಪುಡಿ ನಂಬುವುದು ಅದಕ್ಕಿಂತ ಕಷ್ಟ. ಡಾಕ್ಟರಿಗೆ ಹೇಳಿ ಅಂದರೆ ಕೆಲವರಿಗೆ ಸಿಟ್ಟು. "ನೀನು ಓದಿದ್ದು ಎಂತಕ್ಕೆ ಹಂಗಾದ್ರೆ?" ಅನ್ನುತ್ತಾರೆ.

ಅಜ್ಜಿಯ ಬೇಲಿಯ ಟೊಂಗೆಯನ್ನು ಎಲೆ, ಹೂ ಸಮೇತ ಹಳೆ ಪೇಪರಿನ ನಡುವೆ ಒತ್ತಿ, ನಮ್ಮ ಮನೆಯ ಅಡಿಕೆ ಅಟ್ಟದ ಮೇಲೆ ಒಣಗಿಸಿದೆ. ದಿನಾ ಪೇಪರ್ ಬದಲಿಸಬೇಕು, ಇಲ್ಲದಿದ್ದರೆ ಬೂಸ್ಟು. ಅಪ್ಪ ಅಡಿಕೆ ಹರಗುವಾಗ ಒಂದು ಸಲ ಅದನ್ನು ರದ್ದಿ ಎಂದು ಎಸೆಯಲು ಹೋಗಿದ್ದರು. ಈಗ ಹಾಳೆಗೆ ಅಂಟಿಸಿ, ಊರು, ತಾರೀಕು ಬರೆದು ಲ್ಯಾಬಿನ ಕಪಾಟಿನಲ್ಲಿಟ್ಟಿದ್ದೇನೆ. ನಂಬರ್ 1. ಬೇರಿನ ಡಬ್ಬಿಯ ಮೇಲೂ ಅದೇ ನಂಬರ್. ಪಕ್ಕದಲ್ಲಿ ಎರಡನೇ ಕಟ್ಟಿನ ಉಳಿದ ತುಂಡುಗಳ ಡಬ್ಬಿ ಇದೆ. ಅದರ ಚೀಟಿ ಇನ್ನೂ ಖಾಲಿ.