ಬಯಾಲಜಿ ಟೀಚರ್ ಆಗೋಕೆ ಎಂತ ಓದ್ಬೇಕು?

ಪಿಯುಸಿ ಫಲಿತಾಂಶ ಬಂದ ವಾರ ನನ್ನ ಫೋನಿಗೆ ಬಿಡುವಿಲ್ಲ. ತೀರ್ಥಹಳ್ಳಿ ಕಡೆಯವರು, ಹೊಸನಗರದವರು, ನೆಂಟರ ನೆಂಟರು, ಹಳೇ ವಿದ್ಯಾರ್ಥಿಗಳ ಅಪ್ಪಂದಿರು. ಎಲ್ಲರದ್ದೂ ಒಂದೇ ಪ್ರಶ್ನೆ: ಹೈಸ್ಕೂಲಲ್ಲಿ ಬಯಾಲಜಿ ಟೀಚರ್ ಆಗೋಕೆ ಎಂತ ಓದ್ಬೇಕು ಮೇಡಂ? ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಪಿಯುಸಿಯಲ್ಲಿ ಜೀವಶಾಸ್ತ್ರ ಇರಬೇಕು. ಆಮೇಲೆ ಬಾಟನಿ, ಜುವಾಲಜಿ, ಕೆಮಿಸ್ಟ್ರಿ ಇರುವ ಮೂರು ವರ್ಷದ ಬಿ.ಎಸ್ಸಿ., ಅದರ ಮೇಲೆ ಎರಡು ವರ್ಷದ ಬಿ.ಇಡಿ. ಬಿ.ಇಡಿ.ಗೆ ಸೇರಲು ಡಿಗ್ರಿಯಲ್ಲಿ ಶೇಕಡಾ 50 ಅಂಕ ಬೇಕು, ಮೀಸಲಾತಿ ಇರುವವರಿಗೆ ರಿಯಾಯಿತಿ ಇದೆ. ಬಿ.ಇಡಿ. ಒಂದೇ ವರ್ಷ ಅಲ್ವಾ ಅಂತ ಈಗಲೂ ವಾದಿಸುವವರಿದ್ದಾರೆ. ಅಲ್ಲ. 2015ರಿಂದ ಎರಡು ವರ್ಷ, ಅದರಲ್ಲಿ ಶಾಲೆಗೆ ಹೋಗಿ ಪಾಠ ಮಾಡುವ ತರಬೇತಿಯೇ 20 ವಾರ. ಡಿಗ್ರಿ, ಬಿ.ಇಡಿ. ಎರಡನ್ನೂ ಒಟ್ಟಿಗೆ ನಾಲ್ಕೇ ವರ್ಷಕ್ಕೆ ಮುಗಿಸಬೇಕು ಅನ್ನುವವರಿಗೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ. ಅಲ್ಲಿಗೆ ಪ್ರವೇಶ ಪರೀಕ್ಷೆ ಬರೆಯಬೇಕು.

ಉತ್ತರ ಇಷ್ಟೇ. ಆದರೆ ಪ್ರಶ್ನೆ ಕೇಳುವ ರೀತಿ ಇದೆಯಲ್ಲ, ಅದು ನನ್ನನ್ನು ಕೆರಳಿಸುತ್ತದೆ.

ಕೊಪ್ಪದ ಹತ್ತಿರ ಒಂದು ಮದುವೆ ಮನೆ. ಊಟ ಮುಗಿಸಿ ಕೈ ತೊಳೆಯುವಲ್ಲಿ ಪರಿಚಯದವರೊಬ್ಬರು ಹಿಡಿದುಕೊಂಡರು. "ಮಗಳಿಗೆ ನೀಟ್‌ನಲ್ಲಿ ಸೀಟು ಸಿಗ್ಲಿಲ್ಲ ಮಾರಾಯ್ರೆ. ಡಾಕ್ಟ್ರಂತೂ ಆಗ್ಲಿಲ್ಲ, ಟೀಚರ್ ಮಾಡಿಬಿಡಣ ಅಂತ. ಬೇಗ ಮುಗಿಯದು ಯಾವ್ದು ಹೇಳಿ." ಮಗಳು ಪಕ್ಕದಲ್ಲೇ ನಿಂತಿದ್ದಳು. ನಾನು ಅಲ್ಲೇ ಲೆಕ್ಕ ಹೇಳಿದೆ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಮೇಲೊಂದು ವರ್ಷ ಇಂಟರ್ನ್‌ಶಿಪ್, ಒಟ್ಟು ಐದೂವರೆ. ಬಿ.ಎಸ್ಸಿ., ಬಿ.ಇಡಿ. ಸೇರಿ ಐದು. ಆರು ತಿಂಗಳು ಉಳಿಸೋಕೆ ಟೀಚರ್ ಆಗುವುದಾದರೆ ದಯವಿಟ್ಟು ಬೇಡ ಅಂದೆ. ಅವರು ನಕ್ಕರು. ನಾನು ನಗಲಿಲ್ಲ.

ಆಗ ಹುಡುಗಿ ಬಾಯಿ ಬಿಟ್ಟಳು. "ಮೇಡಂ, ನಮ್ಮ ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಂದಿದೆ. ಕೊಳೆರೋಗಕ್ಕೂ ಅದಕ್ಕೂ ಸಂಬಂಧ ಇದೆಯಾ?"

ಇಷ್ಟು ವರ್ಷ ಯಾರೂ ಕೇಳದಿದ್ದ ಪ್ರಶ್ನೆ ಅದು. ಮದುವೆ ಮನೆ ಅನ್ನುವುದನ್ನೂ ಮರೆತು ಅಲ್ಲೇ ಪಾಠ ಶುರು ಮಾಡಿದೆ. ಎಲೆಚುಕ್ಕಿ ತರುವುದು ಕೊಲೆಟೋಟ್ರೈಕಮ್ ಎಂಬ ಶಿಲೀಂಧ್ರ. ಕೊಳೆರೋಗ ತರುವ ಫೈಟೋಫ್ತೊರಾ ನಿಜವಾದ ಶಿಲೀಂಧ್ರವೇ ಅಲ್ಲ, ಕಂದು ಪಾಚಿಗಳ ದೂರದ ನೆಂಟ. ಶಿಲೀಂಧ್ರದ ಕೋಶಭಿತ್ತಿಯಲ್ಲಿ ಕೈಟಿನ್ ಇರುತ್ತದೆ, ಇದರದ್ದರಲ್ಲಿ ಸೆಲ್ಯುಲೋಸ್. ಇದರ ಬೀಜಾಣುಗಳಿಗೆ ಬಾಲವಿದೆ, ಅವು ನೀರಿನಲ್ಲಿ ಈಜುತ್ತವೆ. ಆಷಾಢದ ಮಳೆಯಲ್ಲಿ ಅಡಿಕೆಗೊನೆ ಸದಾ ಒದ್ದೆಯಾಗಿರುವಾಗಲೇ ಕೊಳೆ ಹಬ್ಬುವುದು ಯಾಕೆ ಅನ್ನುವುದಕ್ಕೆ ಉತ್ತರ ಅಲ್ಲಿದೆ.

ಬಾಟನಿ, ಜುವಾಲಜಿ, ಕೆಮಿಸ್ಟ್ರಿ ಮೂರೂ ಯಾಕೆ ಬೇಕು, ಒಂದು ಸಾಲದಾ ಅಂತ ಕೇಳುತ್ತೀರಲ್ಲ, ಅದಕ್ಕೂ ಉತ್ತರ ಆ ತೋಟದಲ್ಲೇ ಇದೆ. ಕೊಳೆಗೆ ಬೋರ್ಡೋ ದ್ರಾವಣ ಹೊಡೆಯುತ್ತೀರಿ: 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಹದ ಸರಿಯಾಗಿದೆಯಾ ಅಂತ ಕತ್ತಿ ಅದ್ದಿ ನೋಡುತ್ತೀರಿ. ಅಲಗು ಕೆಂಪಾದರೆ ಸುಣ್ಣ ಸಾಲದು ಅನ್ನುತ್ತೀರಿ. ಆ ಕೆಂಪು ಮೈಲುತುತ್ತದ ತಾಮ್ರದ್ದು, ಕತ್ತಿಯ ಕಬ್ಬಿಣ ಅದರ ಜಾಗ ಹಿಡಿದಿರುತ್ತದೆ. ಹತ್ತನೇ ತರಗತಿ ವಿಜ್ಞಾನದ ಮೊದಲ ಪಾಠದಲ್ಲೇ ಇರುವ ಸ್ಥಾನಪಲ್ಲಟ ಕ್ರಿಯೆ ಅದು. ಮಕ್ಕಳು ಅದನ್ನು ಕಬ್ಬಿಣದ ಮೊಳೆಯ ಚಿತ್ರ ಬರೆದು ಬಾಯಿಪಾಠ ಮಾಡುತ್ತಾರೆ, ಮನೆಯಲ್ಲಿ ಅಪ್ಪ ಅದನ್ನೇ ಮಾಡುತ್ತಿರುತ್ತಾನೆ. ಎರಡನ್ನೂ ಜೋಡಿಸಬೇಕಾದವರು ಟೀಚರ್. ಕೆಮಿಸ್ಟ್ರಿ ಬಾರದವರಿಗೆ ಅದು ಆಗುವುದಿಲ್ಲ.

ಜುವಾಲಜಿ ಎಲ್ಲಿ ಬರುತ್ತದೆ? ಮಂಗನ ಕಾಯಿಲೆಯಲ್ಲಿ. 1957ರಲ್ಲಿ ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ನಮ್ಮ ಊರಿನ ಹೆಸರೇ ಅದಕ್ಕೆ. ಮಂಗ ಸತ್ತರೆ ಅದರ ಮೈಮೇಲಿನ, ರೋಗ ಹರಡುವ ಉಣುಗು (ಉಣ್ಣೆ) ನೆಲಕ್ಕೆ ಉದುರುತ್ತವೆ, ಆ ಜಾಗವೇ ಅಪಾಯದ ಜಾಗ. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ದೊಡ್ಡ ಉಣುಗಲ್ಲ, ಬೇಸಿಗೆಯ ಒಣ ತಿಂಗಳುಗಳಲ್ಲಿ ದರಗಿನಲ್ಲಿ, ಅಂದರೆ ಉದುರಿದ ಒಣ ಎಲೆಯಲ್ಲಿ, ಕಾದು ಕೂತ ಸಣ್ಣ ಮರಿಗಳು. ನಮ್ಮ ಮಕ್ಕಳು ದರಗು ಒಟ್ಟುಮಾಡಲು ಅಮ್ಮನ ಜೊತೆ ಕಾಡಿಗೆ ಹೋಗುವುದೂ ಆಗಲೇ. ಇದು ಜನವರಿಯಲ್ಲಿ ಹೇಳಬೇಕಾದ ಪಾಠ, ಪಠ್ಯದ ಸರದಿ ಬರಲಿ ಅಂತ ಕಾಯುವಂಥದ್ದಲ್ಲ. ಒಮ್ಮೆ ಎಂಟನೇ ಕ್ಲಾಸಿನ ಹುಡುಗ ಹೇಳಿದ: "ಮೇಡಂ, ಉಣುಗಿನ ಮರಿಗೆ ಆರೇ ಕಾಲು, ಹಾಗಾದ್ರೆ ಅದು ಕೀಟ." ಎಣಿಸಿ ನೋಡಿದ್ದ! ಮೊಟ್ಟೆಯೊಡೆದ ಮರಿಗೆ ಆರು ಕಾಲು, ಒಮ್ಮೆ ಪೊರೆ ಕಳಚಿದ ಮೇಲೆ ಎಂಟು, ಅದು ಜೇಡದ ಬಳಗ ಅಂತ ಹೇಳಲು ಜುವಾಲಜಿ ಓದಿರಬೇಕು. ಆ ಹುಡುಗನನ್ನು ಗದರಿಸಿ ಕೂರಿಸುವ ಟೀಚರ್ ನಮಗೆ ಬೇಡ.

ಅದಕ್ಕೇ ಹೇಳುವುದು, ನಿರ್ಧಾರ ಆಗುವುದು ಬಿ.ಇಡಿ. ಸೇರುವಾಗ ಅಲ್ಲ, ಡಿಗ್ರಿಯ ಕಾಂಬಿನೇಷನ್ ಬರೆಯುವಾಗ. ಸರ್ಕಾರಿ ಹೈಸ್ಕೂಲಿನ ಹುದ್ದೆಗಳನ್ನು ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಜುವಾಲಜಿ), ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಎಂದೇ ಕರೆಯುತ್ತಾರೆ. ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿ ಒಳ್ಳೆಯ ವಿಷಯಗಳೇ, ಆದರೆ ಅವನ್ನು ತೆಗೆದುಕೊಳ್ಳುವ ಮೊದಲು ಹಿಂದಿನ ನೇಮಕಾತಿ ಅಧಿಸೂಚನೆ ತೆರೆದು ಯಾವ ಐಚ್ಛಿಕ ವಿಷಯ ಕೇಳಿದ್ದಾರೆ ಓದಿ. 2021ರಲ್ಲಿ ಹೊಸ ಶಿಕ್ಷಣ ನೀತಿ ಬಂದು ಡಿಗ್ರಿಯಲ್ಲಿ ಎರಡೇ ಮುಖ್ಯ ವಿಷಯ ಆಯಿತು, 2024ರಲ್ಲಿ ಮತ್ತೆ ಮೂರು ವಿಷಯದ ಮೂರು ವರ್ಷಕ್ಕೆ ಬಂತು. ನಡುವೆ ಓದಿದವರು ಇನ್ನೂ ಎಚ್ಚರವಾಗಿರಬೇಕು. ಆರರಿಂದ ಎಂಟನೇ ತರಗತಿಯ ಹುದ್ದೆಗಾದರೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಎರಡನೇ ಪತ್ರಿಕೆಯಲ್ಲಿ 150ಕ್ಕೆ 90 ಬೇಕು, ಇಲ್ಲೂ ಮೀಸಲಾತಿಯವರಿಗೆ ರಿಯಾಯಿತಿ ಇದೆ. ಒಮ್ಮೆ ಪಾಸಾದರೆ ಆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ. ಪಿಯು ಕಾಲೇಜಿಗಾದರೆ ಎಂ.ಎಸ್ಸಿ., ಬಿ.ಇಡಿ. ಎರಡೂ.

ಪರಿಸರ ವಿಜ್ಞಾನ ಓದಿದರೆ ಆಗುತ್ತದಾ ಅಂತ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮಾಡಿದ ಮಕ್ಕಳೂ ಕೇಳುತ್ತಾರೆ. ಪರಿಸರವನ್ನು ಎಲ್ಲ ಹಂತದಲ್ಲೂ ಕಲಿಸಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಆದರೂ ನಮ್ಮ ಹೈಸ್ಕೂಲುಗಳಲ್ಲಿ ಅದಕ್ಕೆಂದೇ ಬೇರೆ ಟೀಚರ್ ಇಲ್ಲ, ಆ ಪಾಠಗಳು ವಿಜ್ಞಾನದ ಒಳಗೇ ಬರುತ್ತವೆ. ಕಾನು, ಸೊಪ್ಪಿನಬೆಟ್ಟ, ಲಿಂಗನಮಕ್ಕಿ ಹಿನ್ನೀರು ಎಲ್ಲ ಕಣ್ಣೆದುರಿಗಿರುವ ಈ ಜಿಲ್ಲೆಯಲ್ಲಿ ಆ ಹುದ್ದೆ ಇರಬೇಕಿತ್ತು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಇಲ್ಲದಿರುವಾಗ ಆ ಮಕ್ಕಳಿಗೆ ನಾನು ಕೇಳುವುದು ಒಂದೇ: ಬಿ.ಎಸ್ಸಿ.ಯಲ್ಲಿ ಬಾಟನಿ, ಜುವಾಲಜಿ ಇತ್ತಾ?

ಇನ್ನೂ ಸಂಶಯ ಇದ್ದರೆ ಡಿಗ್ರಿಗೆ ಅರ್ಜಿ ಹಾಕುವ ಮೊದಲೇ ಫೋನ್ ಮಾಡಿ, ಸೀಟು ಕಟ್ಟಿದ ಮೇಲೆ ಅಲ್ಲ. ಮಾತಾಡುವುದು ಅಪ್ಪ ಬೇಡ, ಓದುವವರೇ ಮಾತಾಡಲಿ.