ಮಳೆ, ಆಮೇಲೆ ನೀರು

ಮಾರ್ಚ್ 9, 2025, ಭಾನುವಾರ
ನ್ಯೂಜೆರ್ಸಿ

ಇಲ್ಲಿ ಇವತ್ತಿನಿಂದ ಬೇಸಿಗೆ ಸಮಯ, ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಯಿತು. ಅಪ್ಪನಿಗೆ ಒಪ್ಪಿಗೆಯಿಲ್ಲ. "ಸರ್ಕಾರ ಹೇಳಿದ್ರೆ ಸೂರ್ಯ ಕೇಳ್ತಾನಾ?" ಬೆಳಿಗ್ಗೆಯಿಂದ ಇದು ಮೂರನೇ ಸಲ.

ಮಧ್ಯಾಹ್ನ ರದರ್‌ಫರ್ಡ್‌ಗೆ ಹೋಗಿದ್ದೆವು. ರಿಡ್ಜ್ ರೋಡಿನ 9ನೇ ನಂಬರ್ ಮನೆ. ಅಮೆರಿಕದ ಕವಿ ವಿಲಿಯಂ ಕಾರ್ಲೋಸ್ ವಿಲಿಯಮ್ಸ್ ಇದ್ದದ್ದೂ ಅಲ್ಲೇ, ರೋಗಿಗಳನ್ನು ನೋಡುತ್ತಿದ್ದದ್ದೂ ಅಲ್ಲೇ. ರಸ್ತೆಯಿಂದಲೇ ನೋಡಿ ಬಂದೆವು.

"ಕವಿ ಅಂದ್ಯಲ್ಲೇ, ಡಾಕ್ಟರಾ?"

"ಎರಡೂ ಅಪ್ಪ. ಬಿಡುವು ಸಿಕ್ಕಾಗ ಔಷಧಿ ಚೀಟಿ ಮೇಲೇ ಬರೀತಿದ್ರಂತೆ."

ಕಾರಿನಲ್ಲಿ ಕೂತು ದಿನಸಿ ರಸೀದಿಯ ಹಿಂದೆ ಅವರ 1923ರ ಒಂದು ಪುಟ್ಟ ಕವಿತೆ ಬರೆದು ತೋರಿಸಿದೆ. ಇಂಗ್ಲಿಷಿನಲ್ಲಿ 16 ಪದ, ಅಷ್ಟೇ. ಕೆಂಪು ಕೈಗಾಡಿ, ಮಳೆನೀರು, ಪಕ್ಕದಲ್ಲಿ ಬಿಳಿ ಕೋಳಿಗಳು. ಮೇಲೆ ಮೂರು ಪದ, ಕೆಳಗೆ ಒಂದು, ಹೀಗೇ ನಾಲ್ಕು ಸಲ. ಅಪ್ಪ ಬೆರಳು ಮಡಿಸಿ ಮಾತ್ರೆ ಎಣಿಸಲು ಹೊರಟರು. ಭಾಮಿನಿ ಷಟ್ಪದಿ ಪಾಠ ಮಾಡಿ ಪಳಗಿದ ಬೆರಳು. ಲೆಕ್ಕ ಕೂಡಲಿಲ್ಲ. "ಪ್ರಾಸ ಬೇಡ ಬಿಡು, ನಮ್ಮ ಗೋವಿಂದ ಪೈಗಳು 1911ರಲ್ಲೇ ಬಿಟ್ರು. ಲಯ ಎಲ್ಲಿ?"

ಕನ್ನಡದಲ್ಲಿ ಬರೆದೆ. ಸಾಲಿನ ತುದಿಗೆ 'ಮಳೆ'. ಕೆಳಗೆ ಒಂಟಿಯಾಗಿ 'ನೀರು'. ವಿಲಿಯಮ್ಸ್ ಮೂಲದಲ್ಲಿ ಸಾಲು ಮುರಿದದ್ದೂ ಅಲ್ಲೇ. ಅಪ್ಪ ಜೋರಾಗಿ ಓದಿದರು. 'ಮಳೆ' ಅಂದು ನಿಂತರು. ಆಮೇಲೆ 'ನೀರು'.

"ಓಹೋ. ಮೊದಲು ಸುರೀತು, ಆಮೇಲೆ ಗಾಡಿ ಮೇಲೆ ನಿಂತ್ಕೊಂಡ್ತು."

ನನಗೆ ಇಷ್ಟು ಚೆನ್ನಾಗಿ ಯಾವ ಪ್ರೊಫೆಸರೂ ಹೇಳಿರಲಿಲ್ಲ.

"ನಾವು ಓದಿದ್ದೆಲ್ಲ ಎಲಿಯಟ್ಟೇ, ಇವರ ಹೆಸರೇ ಕೇಳಿಲ್ಲ" ಅಂದರು. ವಿಲಿಯಮ್ಸ್‌ಗೂ ಅದೇ ಹೊಟ್ಟೆಯುರಿ! 1922ರಲ್ಲಿ ಎಲಿಯಟ್ಟರ ಕವಿತೆ 'ದಿ ವೇಸ್ಟ್ ಲ್ಯಾಂಡ್' ಬಂದದ್ದು ತಮ್ಮ ಲೋಕದ ಮೇಲೆ ಅಣುಬಾಂಬ್ ಬಿದ್ದ ಹಾಗಾಯಿತು ಅಂತ ಆತ್ಮಕಥೆಯಲ್ಲೇ ಬರೆದುಕೊಂಡಿದ್ದಾರೆ. ಕವಿತೆ ಮತ್ತೆ ಕ್ಲಾಸ್‌ರೂಮಿಗೆ ಹೋಯಿತಲ್ಲ ಅನ್ನೋ ಸಿಟ್ಟು. ಅವರಿಗೆ ಬೇಕಿದ್ದದ್ದು ಇಂಗ್ಲೆಂಡಿನ ಛಂದಸ್ಸಲ್ಲ, ಅಮೆರಿಕದ ಬೀದಿಯ ಮಾತು. ನಿಮ್ಮ ಭಾಷೆ ಎಲ್ಲಿಂದ ಬಂತು ಅಂದರೆ, ಪೋಲಿಷ್ ತಾಯಂದಿರ ಬಾಯಿಂದ ಅಂದಿದ್ದರು. ಅವರ ರೋಗಿಗಳೇ ಅಲ್ವಾ ಅವರೆಲ್ಲ.

ರಾತ್ರಿ ಇದೇ ತಲೆಯಲ್ಲಿ ಸುತ್ತುತ್ತಿದೆ. ಗುರುವಾರ ಅಪ್ಪನ ಮೊಣಕಾಲು ತೋರಿಸಲು ಹೋಗಿದ್ದೆವು. ಡಾಕ್ಟರು ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. ಅಪ್ಪ ಹೇಳಿದ್ದು, "ಮೆಟ್ಟಿಲು ಇಳಿವಾಗ ಚುಳ್ ಅನ್ನುತ್ತೆ, ಆಮೇಲೆ ಸುಮ್ನೆ ಜೋಮು ಹಿಡಿದ ಹಾಗೆ." ನಾನು ಇಂಗ್ಲಿಷಿನಲ್ಲಿ ಬರೀ 'ನೋವು' ಅಂದುಬಿಟ್ಟೆ. ಡಾಕ್ಟರು ಅದನ್ನೇ ಟೈಪ್ ಮಾಡಿಕೊಂಡರು. ಆ 'ಚುಳ್' ಮತ್ತೆ 'ಆಮೇಲೆ'ಯ ನಡುವೆ ಅಪ್ಪ ಒಂದು ಕ್ಷಣ ನಿಂತಿದ್ದರು, ಅದನ್ನು ನಾನು ಬಿಟ್ಟೇಬಿಟ್ಟೆ.